ಐದನೇ ಕಟ್ಟಡದ ಆಲಿಸುವ ಕೋಣೆ

ಆ ಕೋಣೆಗೆ ಹಾಕಿದವರು ಸಾಮಾನ್ಯವಾಗಿ ಆರು ವಾರ ತಾಳುತ್ತಿದ್ದರು. ಹೆಚ್ಚೆಂದರೆ ಎಂಟು. ಆಮೇಲೆ ಒಂದು ಬೆಳಗ್ಗೆ ಅವರ ಕುರ್ಚಿ ಖಾಲಿ ಇರುತ್ತಿತ್ತು. ಮೇಜಿನ ಮೇಲಿದ್ದ ಹೆಸರಿನ ಫಲಕವೂ ಮಾಯವಾಗಿರುತ್ತಿತ್ತು. ಸವಾತಾರಿ ಫುಮಿಯೆ ಅಲ್ಲಿಗೆ ಬಂದು ಆರು ತಿಂಗಳು ದಾಟಿತ್ತು.

ಒಸಾಕಾದ ಅಂಚಿನಲ್ಲಿದ್ದ ಆ ಎಲೆಕ್ಟ್ರಾನಿಕ್ಸ್ ಕಂಪನಿ ಯಾರನ್ನೂ ಕೆಲಸದಿಂದ ತೆಗೆದದ್ದಿಲ್ಲ. ಎಪ್ಪತ್ತು ವರ್ಷಗಳಲ್ಲಿ ಒಬ್ಬರನ್ನೂ ಇಲ್ಲ. ಹೊಸಬರು ಸೇರುವ ದಿನ ಅಧ್ಯಕ್ಷರು ಅದನ್ನು ಎದೆಯುಬ್ಬಿಸಿ ಹೇಳುತ್ತಿದ್ದರು. ಬೇಡವಾದವರಿಗೆ ಐದನೇ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದು ಮೇಜು ಕೊಡುತ್ತಿದ್ದರು, ಅಷ್ಟೆ. ಬಾಗಿಲ ಮೇಲೆ 'ವೃತ್ತಿ ಪುನಶ್ಚೇತನ ಕೊಠಡಿ' ಎಂದಿತ್ತು. ಒಳಗೆ ಒಂಬತ್ತು ಮೇಜು. ಕಂಪ್ಯೂಟರ್ ಇಲ್ಲ, ಫೋನ್ ಇಲ್ಲ, ಓದಲು ಪುಸ್ತಕ ತರುವಂತಿಲ್ಲ. ಬೆಳಗ್ಗೆ ಎಂಟೂವರೆಯಿಂದ ಸಂಜೆ ಐದೂಕಾಲರವರೆಗೆ ಕೂತಿರಬೇಕು. ಹೊರಡುವ ಮುಂಚೆ ಒಂದು ಹಾಳೆ ತುಂಬಿ ಕೊಡಬೇಕು: 'ಈ ದಿನ ಹೊರಗೆ ಕೆಲಸ ಹುಡುಕಲು ನಾನು ಮಾಡಿದ ಪ್ರಯತ್ನ.' ಕೂತೂ ಕೂತೂ ಸೋತವರು ಒಂದು ದಿನ ಇನ್ನೊಂದು ಹಾಳೆ ಕೇಳಿ ಪಡೆಯುತ್ತಿದ್ದರು. ಅದರಲ್ಲಿ ಮೊದಲೇ ಅಚ್ಚಾಗಿರುತ್ತಿತ್ತು: 'ವೈಯಕ್ತಿಕ ಕಾರಣಗಳಿಂದ ನಾನು ರಾಜೀನಾಮೆ ನೀಡುತ್ತಿದ್ದೇನೆ.' ಹೆಸರು, ತಾರೀಖು ಬರೆದು, ಸಹಿಯ ಬದಲು ತಮ್ಮ ಹೆಸರಿನ ಮುದ್ರೆ ಒತ್ತಿದರೆ ಮುಗಿಯಿತು.

ಸಿಬ್ಬಂದಿ ವಿಭಾಗದವರು ಆ ಕೋಣೆಯನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಅದಕ್ಕೆ ಕಿಟಕಿ ಇರಲಿಲ್ಲ. ಗೋಡೆ, ಚಾವಣಿಗಳಿಗೆಲ್ಲ ದಪ್ಪನೆಯ ಬಟ್ಟೆ ಬಡಿದಿತ್ತು. ಬಾವಿಗೆ ಕಲ್ಲು ಹಾಕಿದರೆ ಸದ್ದಾದರೂ ಬರುತ್ತದೆ. ಅಲ್ಲಿ ಆಡಿದ ಮಾತು ತುಟಿಯ ಹತ್ತಿರವೇ ಸತ್ತು ಬೀಳುತ್ತಿತ್ತು. ಎರಡನೇ ವಾರಕ್ಕೇ ಜನ ತಮ್ಮ ಉಸಿರಿನ ಸದ್ದಿಗೆ ತಾವೇ ಬೆಚ್ಚುತ್ತಿದ್ದರು.

ಸಿಬ್ಬಂದಿ ವಿಭಾಗದವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಬಾಗಿಲ ಮೇಲಿನ ಆ ಫಲಕವನ್ನು ಕಿತ್ತರೆ ಕೆಳಗೆ ಹಳೆಯ ಫಲಕದ ನಾಲ್ಕು ಮೊಳೆಯ ತೂತು ಕಾಣುತ್ತವೆ. ಹಳೆಯ ಫಲಕದಲ್ಲಿದ್ದುದು 'ಆಲಿಸುವ ಕೋಣೆ' ಎಂದು. ಫುಮಿಯೆ ಇಪ್ಪತ್ತೆರಡನೇ ವಯಸ್ಸಿನಿಂದ ಹದಿನಾರು ವರ್ಷ ಕಳೆದದ್ದು ಅದೇ ಕೋಣೆಯಲ್ಲಿ.

ಸೆಪ್ಟೆಂಬರಿನಲ್ಲಿ ಮೊದಲ ದಿನ ಆ ಭಾರವಾದ ಬಾಗಿಲು ತಳ್ಳಿ ಒಳಗೆ ಕಾಲಿಟ್ಟಾಗ ಅವಳಿಗೆ ನಾಚಿಕೆಯಾಗಬೇಕಿತ್ತು. ಆದದ್ದು ಬೇರೆ. ಹಳೆಯ ಬಟ್ಟೆಯ, ಕಾದ ತಂತಿಯ ವಾಸನೆ ಇನ್ನೂ ಮೂಲೆಯಲ್ಲಿ ಉಳಿದಿತ್ತು. ಕಿವಿ ತಾನಾಗಿಯೇ ಬಿಚ್ಚಿಕೊಂಡಿತು. ಎಷ್ಟೋ ವರ್ಷ ಊರೂರು ಸುತ್ತಿ ಬಂದವಳು ಚಪ್ಪಲಿ ಬಿಟ್ಟು ಮನೆಯೊಳಗೆ ಬಂದಂತೆ ಅನಿಸಿ, ಅವಳು ಯಾರಾದರೂ ನೋಡಿದರೇನೋ ಎಂದು ಮುಖ ತಗ್ಗಿಸಿಕೊಂಡಿದ್ದಳು.

"ಅಕ್ಕಾವ್ರೆ, ಇವತ್ತೇನ್ ಕೆಲಸ?" ಪಕ್ಕದ ಮೇಜಿನ ಹಮಾಜಿ ದಿನಾ ಬೆಳಗ್ಗೆ ಕೇಳುತ್ತಿದ್ದ. ಐವತ್ತೇಳು ವರ್ಷದವನು, ಜನವರಿ ಕೊನೆಗೆ ಆ ಕೋಣೆಗೆ ಬಂದವನು. ವಿಡಿಯೋ ಯಂತ್ರಗಳ ಒಳಗಿನ ಹಲ್ಲುಚಕ್ರ ವಿನ್ಯಾಸ ಮಾಡುತ್ತಿದ್ದವನು. ತನಗಿಂತ ಚಿಕ್ಕವಳನ್ನು ಅಕ್ಕಾ ಎಂದು ಕರೆದು ರೇಗಿಸುವುದು ಅವನ ಅಭ್ಯಾಸ.

"ನಿನ್ನೇದೇ ಮುಂದುವರಿಕೆ," ಎನ್ನುತ್ತಿದ್ದಳು ಫುಮಿಯೆ.

"ಅಬ್ಬಾ, ನಿಮ್ಗಾದ್ರೂ ಬಾಕಿ ಇದೆ. ನಂದು ನಿನ್ನೇನೇ ಮುಗ್ದೋಯ್ತು. ಇನ್ನು ಮೂರು ವರ್ಷದ್ದು ಒಟ್ಟಿಗೆ ಮುಗಿಸ್ಬಿಟ್ಟಿದ್ದೀನಿ."

ಸಂಜೆಯ ಹಾಳೆಯಲ್ಲಿ ಹಮಾಜಿ ಬರೆಯುತ್ತಿದ್ದ: 'ಗೃಹಪ್ರಾಣಿಗಳ ಅಂಗಡಿಯೊಂದಕ್ಕೆ ಅರ್ಜಿ ಹಾಕುವ ಬಗ್ಗೆ ಯೋಚಿಸಿದೆ. ಮೀನಿಗೆ ನನ್ನ ಅನುಭವ ಉಪಯೋಗಕ್ಕೆ ಬರಬಹುದೇ ಎಂದು ಪರಿಶೀಲಿಸಿದೆ.' ಯಾರೂ ಅದನ್ನು ಓದುತ್ತಿರಲಿಲ್ಲ. ಫುಮಿಯೆ ಮಾತ್ರ ಪ್ರತಿದಿನ ಒಂದೇ ವಾಕ್ಯ ಬರೆದು ಮುದ್ರೆ ಒತ್ತುತ್ತಿದ್ದಳು: 'ಈ ದಿನ ಪ್ರಯತ್ನ ಮಾಡಲಿಲ್ಲ.'

ಕೇಳದೇ ಇದ್ದದ್ದನ್ನು ಬರೆಯಬಾರದು ಎಂದು ಅವಳಿಗೆ ಕಲಿಸಿದವರು ಕುಸುಮೊತೊ. ಎಂಬತ್ತರ ದಶಕದಲ್ಲಿ ಆ ಕೋಣೆಯ ಯಜಮಾನರಂತೆ ಇದ್ದವರು. ಗಿಡ್ಡ ಆಳು, ದಪ್ಪ ಕನ್ನಡಕ, ಮಧ್ಯಾಹ್ನ ಊಟದ ಡಬ್ಬಿಯಲ್ಲಿ ದಿನಾ ಅದೇ ಉಪ್ಪುಹಾಕಿದ ಪ್ಲಮ್ ಹಣ್ಣು. ಕಂಪನಿಯ ಕ್ಯಾಸೆಟ್ ಯಂತ್ರಗಳೆಲ್ಲ ಮಾರುಕಟ್ಟೆಗೆ ಹೋಗುವ ಮುಂಚೆ ಆ ಕೋಣೆಗೆ ಬರುತ್ತಿದ್ದವು. ಒಂದೇ ಸ್ವರ ತುಂಬಿದ ಪರೀಕ್ಷಾ ಟೇಪು ಹಾಕಿ, ಕಣ್ಣು ಮುಚ್ಚಿ ಕೇಳಬೇಕು. ಒಳಗಿನ ಪಟ್ಟಿ ಒಂದು ಕೂದಲೆಳೆಯಷ್ಟು ಸಡಿಲವಾದರೂ ಸ್ವರ ತೂಕಡಿಸುತ್ತದೆ.

"ಕಿವೀಲಿ ಕೇಳ್ಬೇಡ," ಎನ್ನುತ್ತಿದ್ದರು ಕುಸುಮೊತೊ. "ಕತ್ತಿನ ಹಿಂಭಾಗದಲ್ಲಿ ಕೇಳು. ಕೇಳಿದ್ದನ್ನ ಮಾತ್ರ ಬರಿ. ಕೇಳ್ದೇ ಇದ್ದದ್ದನ್ನ ಬರೆದ್ರೆ ಅದರ ಮೇಲೆ ನಿನ್ ಹೆಸರು ಒತ್ಬೇಡ. ಮುದ್ರೆ ಅಂದ್ರೆ ನಿನ್ ಮುಖ."

ಕೋಣೆಯ ಉದ್ದವನ್ನು ಮೂರು ಪಾಲು ಮಾಡಿದರೆ ಎರಡನೇ ಪಾಲು ಮುಗಿಯುವಲ್ಲಿ ನೆಲದ ಮೇಲೆ ಅವರು ಹಳದಿ ಟೇಪಿನಿಂದ ಒಂದು ಗುಣಾಕಾರದ ಗುರುತು ಅಂಟಿಸಿದ್ದರು. ಕುರ್ಚಿಯನ್ನು ಅಲ್ಲೇ ಹಾಕಬೇಕು. ಅಲ್ಲಿ ಕೂತರೆ ಎಲ್ಲ ಸದ್ದೂ ತನ್ನ ತನ್ನ ಜಾಗದಲ್ಲಿ ನಿಲ್ಲುತ್ತದೆ ಎನ್ನುತ್ತಿದ್ದರು. ಇಪ್ಪತ್ತೊಂಬತ್ತು ವರ್ಷದ ಮೇಲೂ ಆ ಗುರುತು ಕಾರ್ಪೆಟ್ಟಿನ ಕೆಳಗೆ ಹಾಗೇ ಇತ್ತು; ಫುಮಿಯೆ ಮೊದಲ ವಾರವೇ ಕಾರ್ಪೆಟ್ಟಿನ ಅಂಚು ಎತ್ತಿ ನೋಡಿದ್ದಳು. ಅವಳಿಗೆ ಕೊಟ್ಟ ಮೇಜು ಗೋಡೆಯ ಬದಿಗಿತ್ತು. ಮೇಜುಗಳನ್ನು ಸರಿಸಬಾರದೆಂಬ ಸೂಚನೆ ಇತ್ತು. ಅವಳು ದಿನಕ್ಕೆ ಒಂದು ಬೆರಳಿನಷ್ಟು ಮಾತ್ರ ಸರಿಸಿದಳು. ಡಿಸೆಂಬರ್ ಹೊತ್ತಿಗೆ ಅವಳ ಕುರ್ಚಿ ಗುರುತಿನ ಮೇಲಿತ್ತು. ಯಾರಿಗೂ ಗೊತ್ತಾಗಲಿಲ್ಲ.

ಆ ಜಾಗದಲ್ಲಿ ಕೂತು ಕಣ್ಣು ಮುಚ್ಚಿದರೆ ದಿನ ಹೇಗೆ ಹೋಗುತ್ತದೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಹತ್ತು ಗಂಟೆ ಏಳು ನಿಮಿಷಕ್ಕೆ ಕ್ಯೋತೊ ಕಡೆಯ ವೇಗದ ರೈಲು ಹೋಗುವುದು ಅಲ್ಲಿ ಕೇಳುವುದಿಲ್ಲ. ಪಾದದ ಅಡಿಗೆ ಬರುತ್ತದೆ. ಕೆಳಗಿನ ಮಹಡಿಯ ನೀರಿನ ಕೊಳವೆ. ಹಮಾಜಿಯ ಎಡ ಮಂಡಿಯ ಚಿಟಿಕೆ. ಇವೆಲ್ಲದರ ಹಿಂದೆ, ಬೇಕೆಂದರೆ, ಆ ಹಳೆಯ ದಿನಗಳು. ತಾರಸಿಯ ಮೇಲೆ ಬೆಳಗಿನ ರೇಡಿಯೋ ವ್ಯಾಯಾಮಕ್ಕೆ ಸಾಲಾಗಿ ನಿಂತು ಕೈ ಬೀಸುತ್ತಿದ್ದ ಮುನ್ನೂರು ಜನ. ಚೆರ್ರಿ ಅರಳಿದಾಗ, ಕಂಪನಿಯವರೆಲ್ಲ ಹೂವಿನಡಿ ಕೂತು ಉಣ್ಣಲೆಂದು, ನದಿಯ ದಡದಲ್ಲಿ ನೀಲಿ ತಾಡಪಾಲು ಹಾಸಿ ಜಾಗ ಹಿಡಿಯಲು ಬೆಳಗಿನ ಜಾವವೇ ಹೋಗಿ ಕೂರುತ್ತಿದ್ದ ಹೊಸಬರು. ಸಂಜೆ ಸ್ವಲ್ಪ ಕುಡಿದ ಕುಸುಮೊತೊ, ಹೂವು ಉದುರುವ ಸದ್ದು ಕೇಳಿಸಿತು ಎಂದು ಹೇಳಿ ಎಲ್ಲರನ್ನೂ ಸುಮ್ಮನಾಗಿಸಿದ್ದು. ಇನ್ನೂರು ಜನ ನಿಜವಾಗಿಯೂ ಅರ್ಧ ನಿಮಿಷ ಉಸಿರು ಹಿಡಿದಿದ್ದರು.

ಹಾಗೆ ತಾಡಪಾಲಿನ ಮೇಲೆ ಜಾಗ ಹಿಡಿದು ಕೂತು ನೆಗಡಿ ತಂದುಕೊಂಡವರಲ್ಲಿ ತೊರಿಯುಮಿ ಸತೊರು ಒಬ್ಬ. ತೊಂಬತ್ತೊಂದರಲ್ಲಿ ಸೇರಿದವನು. ನೀರು ಹಚ್ಚಿ ಬಾಚಿದ ಕೂದಲು, ತೋಳು ಉದ್ದವಾದ ಕೋಟು. ಹೊಸಬರಿಗೆ ಒಂದು ವರ್ಷ ಒಬ್ಬ ಹಿರಿಯರನ್ನು ಗಂಟು ಹಾಕುವುದು ಕಂಪನಿಯ ಪದ್ಧತಿ. ತೊರಿಯುಮಿಯನ್ನು ಫುಮಿಯೆಗೆ ಗಂಟು ಹಾಕಿದ್ದರು. ಅವನು ಅವಳನ್ನು 'ಸೆಂಪಾಯ್' ಎನ್ನುತ್ತಿದ್ದ, ಹಿರಿಯರನ್ನು ಕರೆಯುವಂತೆ. ಅವಳು ಅವನನ್ನು 'ತೊರಿಯುಮಿ ಕುನ್' ಎನ್ನುತ್ತಿದ್ದಳು, ಕಿರಿಯ ಹುಡುಗರನ್ನು ಕರೆಯುವಂತೆ.

ಮೊದಲ ವಾರವೇ ಅವನ ಪರೀಕ್ಷಾ ವರದಿ ಕುಸುಮೊತೊ ಮೇಜಿನಿಂದ ಹಾರಿ ಬಂದಿತ್ತು.

"ಇದೇನಪ್ಪಾ ಇದು? ನನ್ ಮುಂದೆ ಎದೆ ಸೆಟೆಸ್ಕೊಂಡು ನಿಂತಿದೆ ನಿನ್ ಮುದ್ರೆ?"

ತೊರಿಯುಮಿಗೆ ಅರ್ಥವಾಗಲಿಲ್ಲ. ಹೆಸರಿನ ಪುಟ್ಟ ಕೆಂಪು ವೃತ್ತ, ತನ್ನ ಚೌಕದ ನಡುವೆ ನೆಟ್ಟಗೆ, ಅಂದವಾಗಿ ಬಿದ್ದಿತ್ತು. ಫುಮಿಯೆ ಅವನನ್ನು ಪಕ್ಕಕ್ಕೆ ಕರೆದು ತೋರಿಸಿದಳು. ಕಾಗದದ ಕೆಳತುದಿಯಲ್ಲಿ ಸಾಲಾಗಿ ಚೌಕಗಳು. ಬಲತುದಿಯದು ಕಿರಿಯರದು, ಎಡಕ್ಕೆ ಹೋದಂತೆ ಹಿರಿಯರು, ಅವರಿಗಿಂತ ಹಿರಿಯರು. ಕಿರಿಯರ ಮುದ್ರೆ ಎಡಕ್ಕೆ ಸ್ವಲ್ಪ ವಾಲಿರಬೇಕು, ಹಿರಿಯರ ಕಡೆ ತಲೆಬಾಗಿದ ಹಾಗೆ.

"ಮುದ್ರೆನೂ ಬಗ್ಗಬೇಕಾ, ಸೆಂಪಾಯ್?"

"ಹೂಂ ಕಣೋ. ನೀನು ರಜೆ ಹಾಕಿದ ದಿನಾನೂ ಅದು ಕಾಗದದ ಮೇಲೆ ಬಗ್ಗಿ ನಿಂತಿರುತ್ತೆ. ನಿನಗಿಂತ ಅದಕ್ಕೇ ಶ್ರದ್ಧೆ ಜಾಸ್ತಿ."

"ಎಷ್ಟು ಬಗ್ಗಿಸ್ಬೇಕು?"

"ಗಡಿಯಾರ ನೆನಪಿಟ್ಕೋ. ತಲೆ ಹನ್ನೊಂದು ಗಂಟೆ ಕಡೆಗಿರಲಿ. ಹತ್ತಕ್ಕೆ ಹೋದ್ರೆ ಬಕೆಟ್ ಹಿಡಿದ ಹಾಗಾಗುತ್ತೆ. ಹನ್ನೆರಡಕ್ಕೆ ನಿಂತ್ರೆ, ನೋಡಿದ್ಯಲ್ಲಾ, ಹಾರಿ ಬರುತ್ತೆ."

ಖಾಲಿ ಹಾಳೆಯ ಮೇಲೆ ಅವನಿಂದ ಐವತ್ತು ಸಲ ಒತ್ತಿಸಿದ್ದಳು. ಐವತ್ತು ತೊರಿಯುಮಿಗಳು ಹನ್ನೊಂದು ಗಂಟೆಯ ಕಡೆಗೆ ಬಾಗಿ ನಿಂತ ಆ ಹಾಳೆ ಬಹಳ ದಿನ ಗೋಡೆಯ ಬಟ್ಟೆಗೆ ಪಿನ್ನು ಹೊಡೆದು ನೇತಾಡುತ್ತಿತ್ತು.

ಎರಡು ವರ್ಷದ ನಂತರ ಒಂದು ಮಾದರಿಗೆ ಫುಮಿಯೆ ಮುದ್ರೆ ಒತ್ತಲು ನಿರಾಕರಿಸಿದಳು. ಅಳೆಯುವ ಯಂತ್ರದಲ್ಲಿ ಎಲ್ಲವೂ ಸರಿಯಿತ್ತು. ಸ್ವರ ಅಲ್ಲೊಮ್ಮೆ ಇಲ್ಲೊಮ್ಮೆ ಜೊಂಪು ಹತ್ತಿದ ಹಾಗೆ ಬಾಗುತ್ತದೆ ಎಂದಳು ಅವಳು. ಮಾರಾಟದವರು ಕಿರುಚಾಡಿದರು. ಕುಸುಮೊತೊ ಹೋಗಿ ಗುರುತಿನ ಮೇಲೆ ಕೂತು ಕಾಲು ಗಂಟೆ ಕೇಳಿ, "ನನಗೆ ಕೇಳಿಸ್ತಿಲ್ಲ. ಅವಳಿಗೆ ಕೇಳಿಸಿದೆ. ನಿಲ್ಸಿ," ಎಂದರು. ತೊರಿಯುಮಿ ಎರಡು ದಿನ ಒಂದೊಂದೇ ಯಂತ್ರ ಬಿಚ್ಚಿದ. ಹೊಸದಾಗಿ ತರಿಸಿದ ರಬ್ಬರ್ ಪಟ್ಟಿ, ಬಿಸಿಯಾದ ಮೇಲೆ ಸಡಿಲವಾಗುತ್ತಿತ್ತು. ಅವನು ಆ ಪಟ್ಟಿಯನ್ನು ಬೆರಳಿಗೆ ಉಂಗುರದಂತೆ ಸುತ್ತಿಕೊಂಡು ಮಹಡಿಯಿಂದ ಮಹಡಿಗೆ ಓಡಿ ಎಲ್ಲರಿಗೂ ತೋರಿಸಿ ಬಂದಿದ್ದ. ಆ ಸಂಜೆ ಕುಸುಮೊತೊ ಮೂವರಿಗೂ ಗಾಡಿಯವನ ಬಿಸಿ ತಕೊಯಾಕಿ, ಆಕ್ಟೋಪಸ್ ತುಂಡು ತುಂಬಿದ ಹಿಟ್ಟಿನ ಉಂಡೆ, ಕೊಡಿಸಿದರು. ತೊರಿಯುಮಿ ಆತುರಕ್ಕೆ ಬಾಯಿ ಸುಟ್ಟುಕೊಂಡು ಕಣ್ಣಲ್ಲಿ ನೀರು ತಂದುಕೊಂಡದ್ದು ಫುಮಿಯೆಗೆ ಈಗಲೂ ಕಣ್ಣಿಗೆ ಕಟ್ಟಿದಂತಿತ್ತು.

ತೊಂಬತ್ತೊಂಬತ್ತರಲ್ಲಿ ಕ್ಯಾಸೆಟ್ ವಿಭಾಗ ಮುಚ್ಚಿತು. ಅದೇ ವರ್ಷ ಕುಸುಮೊತೊ ತೀರಿಕೊಂಡರು. ಫುಮಿಯೆಯನ್ನು ಮೊಬೈಲ್ ಫೋನಿನ ಕರೆಗಂಟೆಯ ಸದ್ದು ನೋಡಿಕೊಳ್ಳಲು ಹಾಕಿದರು. ಅದೂ ಮುಚ್ಚಿದ ಮೇಲೆ ಸಾಫ್ಟ್‌ವೇರ್ ತಪಾಸಣೆಗೆ. ಅಲ್ಲಿ ಪರದೆಯ ಮೇಲಿನ ಸಾಲುಗಳಲ್ಲಿ ದೋಷ ಹುಡುಕಬೇಕು. ಅವಳ ಪಕ್ಕದ ಇಪ್ಪತ್ತೈದರ ಹುಡುಗಿ ಕಾಫಿ ಆರುವುದರೊಳಗೆ ಮುಗಿಸುವುದಕ್ಕೆ ಅವಳಿಗೆ ಮಧ್ಯಾಹ್ನವಾಗುತ್ತಿತ್ತು. ಫುಮಿಯೆ ನಿಧಾನ ಎಂಬುದು ಸುಳ್ಳಲ್ಲ. ಅವಳೇ ಅದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲಳು. ವರ್ಷಕ್ಕೊಮ್ಮೆ ಎಲ್ಲರಿಗೂ ದರ್ಜೆ ಹಾಕುತ್ತಿದ್ದರು. ಪೈರೆಲ್ಲ ಚೆನ್ನಾಗಿ ಬಂದಿದ್ದರೂ ಒಂದು ಸಾಲು ಕಿತ್ತೆಸೆಯಲೇಬೇಕು ಎನ್ನುವಂಥ ನಿಯಮ: ಪ್ರತಿ ವಿಭಾಗದಲ್ಲೂ ಇಷ್ಟು ಜನಕ್ಕೆ ಕೊನೆಯ ದರ್ಜೆ ಬರಲೇಬೇಕು. ಎರಡು ವರ್ಷ ಅದು ಅವಳಿಗೆ ಬಂತು. ಆಮೇಲೆ ತೊಂಬತ್ತು ದಿನಗಳ ಸುಧಾರಣಾ ಯೋಜನೆ. ವಾರಕ್ಕೆ ನಲವತ್ತು ದೋಷ ಹುಡುಕಬೇಕು. ಅವಳು ಹನ್ನೊಂದು ಹುಡುಕಿದಳು. ಆಗ ಆ ವಿಭಾಗದ ಮುಖ್ಯಸ್ಥ, ಎಲ್ಲರೂ 'ಕಾಚೋ' ಎಂದು ಹುದ್ದೆಯ ಹೆಸರಿನಿಂದಲೇ ಕರೆಯುತ್ತಿದ್ದವನು, ಯೋಜನೆಯ ಕೊನೆಗೆ 'ಗುರಿ ಮುಟ್ಟಿಲ್ಲ' ಎಂದು ಬರೆದು ಮುದ್ರೆ ಒತ್ತಿದ.

ಆ ಕಾಚೋ ತೊರಿಯುಮಿ.

ಎರಡು ವಾರಕ್ಕೊಮ್ಮೆ ಶುಕ್ರವಾರ ಅವನು ಅವಳನ್ನು ಮಾತುಕತೆಗೆ ಕರೆಯಬೇಕಿತ್ತು. ಪುಟ್ಟ ಕೋಣೆ, ನಡುವೆ ಮೇಜು, ಎರಡು ಲೋಟ ಬಾರ್ಲಿ ಚಹ. ಅವನ ಮಡಿಲಲ್ಲಿ ಒಂದು ಕೈಪಿಡಿ ಇರುತ್ತಿತ್ತು. ಅದರಲ್ಲಿ ಏನು ಹೇಳಬೇಕು ಎಂಬುದಕ್ಕಿಂತ ಏನು ಹೇಳಬಾರದು ಎಂಬುದೇ ಹೆಚ್ಚಿತ್ತೆಂದು ಅವಳಿಗೆ ಅವನ ತಡವರಿಕೆಯಿಂದಲೇ ತಿಳಿದಿತ್ತು. 'ಬಿಡಿ', 'ಹೋಗಿ', 'ತೆಗೆಯುತ್ತೇವೆ', ಈ ಮಾತುಗಳು ಅವನ ಬಾಯಿಗೆ ಬರುವಂತಿರಲಿಲ್ಲ. 'ಸೆಂಪಾಯ್' ಎನ್ನುವುದನ್ನೂ ಬಿಟ್ಟಿದ್ದ; ಯಾರಿಗಾದರೂ ಸಲ್ಲುವ ಗೌರವದ 'ಸಾನ್' ಸೇರಿಸಿ ಕರೆಯುತ್ತಿದ್ದ.

"ಸವಾತಾರಿ ಸಾನ್, ನಿಮ್ಮ ಸಾಮರ್ಥ್ಯ ಅರಳೋಕೆ ಹೊರಗಡೆ ಇನ್ನೂ ವಿಶಾಲವಾದ ಜಾಗ ಇರಬಹುದು ಅಂತ ಕಂಪನಿ ಭಾವಿಸುತ್ತೆ."

"ಕಂಪನಿ ಭಾವಿಸುತ್ತೋ, ಕಾಚೋ ಭಾವಿಸ್ತಾರೋ?"

"...ಕಂಪನಿ ಭಾವಿಸುತ್ತೆ."

"ಹಾಗಾದ್ರೆ ಕಂಪನಿನೇ ಅದನ್ನ ಬರೆದುಕೊಡಲಿ. ನಾಳೆನೇ ಹೋಗ್ತೀನಿ."

ಅವನು ಲೋಟ ತಿರುಗಿಸುತ್ತ ಕೂತ. ಅವನ ಬಲಗಡೆ ಕಿವಿಯ ಮೇಲೆ ನರೆ ಬಂದದ್ದನ್ನು ಅವಳು ಆವತ್ತು ಮೊದಲ ಬಾರಿಗೆ ಗಮನಿಸಿದಳು. ಉಗುರು ಕಚ್ಚುವ ಚಟ ಮರಳಿದೆ. ಶೂಸಿನ ಹಿಮ್ಮಡಿ ಒಂದೇ ಕಡೆ ಸವೆದಿದೆ. ಇವನು ನಿದ್ದೆ ಮಾಡುತ್ತಿಲ್ಲ ಎಂದುಕೊಂಡಳು.

"ನಿಮ್ಗೆ ಆ ಕಾಗದದಲ್ಲಿ ತೊಂದರೆ ಏನು?" ಅವನು ಕೈಪಿಡಿ ಮುಚ್ಚಿ ಕೇಳಿದ.

"ಒಂದೇ ಸಾಲು. 'ವೈಯಕ್ತಿಕ ಕಾರಣ' ಅಂತಿದೆ. ನನಗೆ ವೈಯಕ್ತಿಕ ಕಾರಣ ಯಾವುದೂ ಇಲ್ಲ. ಆರೋಗ್ಯವಾಗಿದ್ದೀನಿ. ಮದುವೆ ಗೊತ್ತಾಗಿಲ್ಲ. ಊರು ಬಿಡ್ತಿಲ್ಲ. ನಾನು ನಿಧಾನ, ನಿಜ. ಕಂಪನಿಗೆ ನಾನು ಬೇಡ, ಅದೂ ನಿಜ. ಅದನ್ನ ಬರೀಲಿ, ಈ ಕ್ಷಣ ಮುದ್ರೆ ಒತ್ತೀನಿ. ಕೇಳದೇ ಇರೋ ಸದ್ದನ್ನ ಕೇಳಿದೆ ಅಂತ ಮೂವತ್ತು ವರ್ಷದಲ್ಲಿ ಒಂದು ಸಲಾನೂ ಬರ್ದಿಲ್ಲ, ಕಾಚೋ. ಹೋಗೋ ದಿನ ಬರೀಲಾ?"

"ಆ ಸಾಲನ್ನ ಬದಲಾಯಿಸೋ ಹಾಗಿಲ್ಲ."

"ಗೊತ್ತು."

"ಮಾರ್ಚ್ ಮೂವತ್ತೊಂದರೊಳಗೆ ಆಗ್ದೇ ಇದ್ರೆ ನಿಮ್ಮನ್ನ ಹೊಕ್ಕಾಯ್ಡೊ ಗೋದಾಮಿಗೆ ಹಾಕ್ತಾರೆ. ರಟ್ಟಿನ ಪೆಟ್ಟಿಗೆ ಮಡಿಸೋ ಕೆಲಸ. ನಿಂತುಕೊಂಡೇ."

ಇದು ಕೈಪಿಡಿಯಲ್ಲಿ ಇರಲಾರದು. ಅವನು ಎಚ್ಚರಿಸುತ್ತಿದ್ದಾನೆ, ಹೆದರಿಸುತ್ತಿಲ್ಲ ಎಂದು ಅವಳಿಗೆ ತಿಳಿಯಿತು. ಆದರೂ ಎದ್ದು ತಲೆಬಾಗಿ ತನ್ನ ಕೋಣೆಗೆ ನಡೆದಳು. ಐವತ್ತೆರಡನೇ ವಯಸ್ಸಿನಲ್ಲಿ, ಹಿಮದ ಊರಲ್ಲಿ, ದಿನವೆಲ್ಲ ನಿಂತು ಪೆಟ್ಟಿಗೆ ಮಡಿಸುವುದು. ಒಂದು ಸಾಲಿಗೋಸ್ಕರ ಇಷ್ಟು ಹಟವೇ ಎಂದು ತನ್ನನ್ನೇ ಕೇಳಿಕೊಂಡಳು. ಆದರೆ ಆ ಸಾಲಿಗೆ ಮುದ್ರೆ ಒತ್ತಿದರೆ ಇಲ್ಲಿಯವರೆಗೆ ಒತ್ತಿದ ಸಾವಿರಾರು ಮುದ್ರೆಗಳಲ್ಲಿ ಯಾವುದು ನಿಜ ಎಂದು ತನಗೇ ಅನುಮಾನ ಬರುತ್ತದೆ ಎಂದು ಅವಳಿಗೆ ಭಯ. ಹೊಕ್ಕಾಯ್ಡೊಗಿಂತ ಅದೇ ಭಯ ದೊಡ್ಡದು.

ಮಾರ್ಚ್ ಮೂರನೇ ವಾರ ಹಮಾಜಿ ಆ ಹಾಳೆ ಕೇಳಿ ಪಡೆದ.

"ನೀವೂನಾ?" ಎಂದಳು ಫುಮಿಯೆ.

"ಬಾತ್‌ರೂಮಿಗೆ ಹೋದಾಗ ಹಾಡಿ ನೋಡ್ದೆ ಅಕ್ಕಾವ್ರೆ, ನನ್ ದನಿ ನನಗೇ ಗುರುತು ಸಿಗ್ಲಿಲ್ಲ. ಇನ್ನು ಇಲ್ಲಿದ್ರೆ ಹೆಂಡ್ತಿ ಮನೆಗೆ ಸೇರಿಸಲ್ಲ, ಯಾರೋ ಬಂದ ಅಂತ." ತನ್ನ ಹೆಸರಿನ ಫಲಕವನ್ನು ಜೇಬಿಗೆ ಹಾಕಿಕೊಂಡ. "'ವೈಯಕ್ತಿಕ ಕಾರಣ' ಅಂತ ಮುದ್ರೆ ಒತ್ತೋಕೆ ನನಗೇನೂ ಅನಿಸ್ಲಿಲ್ಲ ನೋಡಿ. ನಂದು ಹಲ್ಲುಚಕ್ರದ ಮನಸ್ಸು. ತಿರುಗಿಸಿದ ಕಡೆ ತಿರುಗುತ್ತೆ."

ಬಾಗಿಲವರೆಗೆ ಹೋದವನು ಹಿಂದಿರುಗಿ ಬಂದು ದನಿ ತಗ್ಗಿಸಿದ. ಆ ಕೋಣೆಯಲ್ಲಿ ದನಿ ತಗ್ಗಿಸುವ ಅಗತ್ಯವೇ ಇರಲಿಲ್ಲ.

"ಒಂದ್ ಮಾತು. ಪ್ರತಿ ಕಾಚೋಗೂ ಇಷ್ಟು ತಲೆ ಹೊರಗೆ ಕಳಿಸ್ಬೇಕು ಅಂತ ಸಂಖ್ಯೆ ಕೊಟ್ಟಿದ್ದಾರೆ, ಮಾರ್ಚ್ ಮುಗಿಯೋದ್ರೊಳಗೆ. ನಿಮ್ ತೊರಿಯುಮಿಗೆ ಒಂದ್ ತಲೆ ಕಮ್ಮಿ ಇದೆ. ಅದು ನಿಮ್ದು. ಆಗ್ಲಿಲ್ಲ ಅಂದ್ರೆ ಏಪ್ರಿಲ್‌ನಲ್ಲಿ ಅವನನ್ನೇ ಈ ಕೋಣೆಗೆ ಕಳಿಸ್ತಾರಂತೆ. ನಾನು ಹೇಳಿದೆ ಅಂತ ಹೇಳ್ಬೇಡಿ. ಹೇಳಿದ್ರೂ ಏನ್ ಮಾಡ್ತಾರೆ, ಕೆಲಸದಿಂದ ತೆಗೀತಾರಾ?"

ತನ್ನ ಹಾಸ್ಯಕ್ಕೆ ತಾನೇ ನಕ್ಕು, ಬಗ್ಗಿ ನಮಸ್ಕರಿಸಿ ಹೋದ. ಮೂವತ್ತೈದು ವರ್ಷ ದುಡಿದವನಿಗೆ ಹೂಗುಚ್ಛ ಕೊಡುವವರೂ ಇರಲಿಲ್ಲ. ಫುಮಿಯೆ ಅವನ ಖಾಲಿ ಕುರ್ಚಿಯ ಕಡೆ ನೋಡುತ್ತ ಕೂತಳು. ಹತ್ತು ಗಂಟೆ ಏಳು ನಿಮಿಷದ ರೈಲು ಪಾದದ ಅಡಿ ಹಾದುಹೋಯಿತು.

ಇಲ್ಲಿ ತನ್ನನ್ನು ತಡೆದು ಕೂರಿಸಿರುವುದು ಯಾವುದು ಎಂದು ಅವಳು ಆ ವಾರವೆಲ್ಲ ಯೋಚಿಸಿದಳು. ಆ ಸಾಲು ಒಂದೇ ಅಲ್ಲ. ಈ ಕೋಣೆ. ಸೋಲಿಸಲೆಂದು ಕೊಟ್ಟ ಜಾಗದಲ್ಲಿ ನಾನು ಸುಖವಾಗಿದ್ದೆ. ಕುಸುಮೊತೊ ಇಲ್ಲೇ ಎಲ್ಲೋ ಕನ್ನಡಕ ಒರೆಸುತ್ತಿದ್ದಾರೆ ಎಂದುಕೊಂಡು ಆರು ತಿಂಗಳು ಕಳೆದೆ. ಅದಕ್ಕೆ ತೊರಿಯುಮಿ ಬೆಲೆ ತೆರುತ್ತಿದ್ದಾನೆ. ಆದರೂ ಸುಳ್ಳು ಬರೆಯುವುದಾಗದು. ಎಲ್ಲ ಸೇರಿಸಿ ನೋಡಿದರೂ ಲೆಕ್ಕ ಹೊಂದುತ್ತಿರಲಿಲ್ಲ. ಕೊನೆಗೆ ಅವಳಿಗೆ ತೋಚಿದ್ದು ಇಷ್ಟೇ: ಹೊರಡುವೆನೆಂದು ಹೇಳುವುದು, ಅಚ್ಚಾದ ಆ ಕಾರಣ ತನ್ನದಲ್ಲವೆಂದು ತೊರಿಯುಮಿಗೆ ತಿಳಿಸಿಬಿಡುವುದು. ಉಳಿದದ್ದು ಅವರವರ ಕೈ.

ಮಾರ್ಚ್ ಕೊನೆಯ ಶುಕ್ರವಾರ ಸಂಜೆ ನಾಲ್ಕೂವರೆಗೆ ಮಾತುಕತೆ ಇತ್ತು. ಫುಮಿಯೆ ತನ್ನ ಮುದ್ರೆಯ ಪುಟ್ಟ ಚೀಲವನ್ನು ಮೇಜಿನ ಮೇಲಿಟ್ಟಳು. ಅದನ್ನು ನೋಡಿದ ಕೂಡಲೇ ತೊರಿಯುಮಿ ಕೈಪಿಡಿಯನ್ನು ಕುರ್ಚಿಯ ಕೆಳಗಿಟ್ಟ.

"ಹೋಗ್ತೀನಿ," ಎಂದಳು. "ಹೆಸರು, ತಾರೀಖು ಬರೀತೀನಿ. ಮುದ್ರೆನೂ ಒತ್ತೀನಿ. ಆದ್ರೆ ಅಚ್ಚಾಗಿರೋ ಆ ಸಾಲು ನಂದಲ್ಲ. ನಂದಲ್ಲ ಅಂತ ನಿಮ್ಗೊಬ್ರಿಗೆ ಗೊತ್ತಿದ್ರೆ ಸಾಕು ಅಂದುಕೊಂಡು ಬಂದೆ. ಇಲ್ಲಿ ಕೂತ ಮೇಲೆ ಅದೂ ಸಾಲದು ಅನಿಸ್ತಿದೆ. ಕೈ ಏಳ್ತಿಲ್ಲ, ಕಾಚೋ."

ತೊರಿಯುಮಿ ಗೋಡೆಯ ಗಡಿಯಾರ ನೋಡಿದ. ನಾಲ್ಕು ಮೂವತ್ತೆಂಟು. ಜೇಬಿನಿಂದ ಪೆನ್ನು ತೆಗೆದ. ಡ್ರಾಯರ್ ಎಳೆದು ಒಂದು ಪಾರದರ್ಶಕ ಸ್ಕೇಲ್ ತೆಗೆದ. ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು, 'ವೈಯಕ್ತಿಕ ಕಾರಣಗಳಿಂದ' ಎಂಬ ಪದಗಳ ಮೇಲೆ ಸ್ಕೇಲ್ ಇಟ್ಟು ಎರಡು ನೇರ ಗೆರೆ ಎಳೆದ. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಬರೆದ: 'ಕಂಪನಿಯ ಕೋರಿಕೆಯ ಮೇರೆಗೆ'. ಗೆರೆಯ ತುದಿಯಲ್ಲಿ ತನ್ನ ಮುದ್ರೆ ಒತ್ತಿದ.

"ಗೀಚಿ ಹಾಕ್ಬಾರ್ದು. ಎರಡು ಗೆರೆ, ಕೆಳಗಿನ ಅಕ್ಷರ ಓದೋ ಹಾಗಿರ್ಬೇಕು, ತಿದ್ದಿದವನ ಮುದ್ರೆ ಇರ್ಬೇಕು," ಎಂದ. "ನೀವೇ ಹೇಳ್ಕೊಟ್ಟದ್ದು."

ಫುಮಿಯೆ ಅವನು ಬರೆದದ್ದನ್ನು ಓದಿದಳು. "ಇದು ನಿಮ್ ತಲೆ ಮೇಲೆ ಬರುತ್ತೆ."

"ಐದು ಗಂಟೆಗೆ ಈ ವರ್ಷದ ಲೆಕ್ಕ ಮುಚ್ಚುತ್ತೆ. ವಾಪಸ್ ಕಳಿಸಿದ್ರೆ ಸಿಬ್ಬಂದಿ ವಿಭಾಗದವ್ರಿಗೆ ಒಂದು ತಲೆ ಕಮ್ಮಿ ಆಗುತ್ತೆ. ಬೈಕೊಂಡಾದ್ರೂ ತಗೋತಾರೆ."

"ಅವರು ತಗೋತಾರೆ. ಆಮೇಲೆ ನಿಮ್ಮನ್ನ?"

"ನಾನು ಕೇಳಿದ್ದನ್ನ ಬರೆದೆ," ಎಂದ ತೊರಿಯುಮಿ. "ಏಳು ತಿಂಗಳಿಂದ ಪ್ರತಿ ಎರಡು ವಾರಕ್ಕೊಮ್ಮೆ ಈ ಮೇಜಿನ ಮೇಲೆ ಕೇಳಿದ್ದನ್ನ. ಹೇಳಿದ ಬಾಯಿ ನಂದೇ. ಬೇಗ, ಸಮಯ ಆಗ್ತಿದೆ."

ಅವಳು ಹೆಸರು ಬರೆದಳು. ಕೆಳಗಿನ ಸಾಲಿನಲ್ಲಿ ಬಲತುದಿಯ ಚೌಕ ಅವಳದು. ಕೆಂಪು ಶಾಯಿಯ ಡಬ್ಬಿಗೆ ಮುದ್ರೆ ತಾಗಿಸಿ ಒತ್ತಿದಳು. ಸವಾತಾರಿ ಎಂಬ ಪುಟ್ಟ ವೃತ್ತ ಹನ್ನೊಂದು ಗಂಟೆಯ ಕಡೆಗೆ ಬಾಗಿ ನಿಂತಿತು. ಬೇಡವೆಂದರೂ ಕೈ ಕೇಳುತ್ತಿರಲಿಲ್ಲ.

ಎಡಗಡೆಯ ಚೌಕ ಅವನದು. ಅವನು ಮುದ್ರೆಯನ್ನು ಬೆರಳುಗಳ ನಡುವೆ ಒಮ್ಮೆ ತಿರುಗಿಸಿ, ತುದಿ ನೋಡಿ, ನಿಧಾನವಾಗಿ ಇಳಿಸಿದ. ಎತ್ತಿದಾಗ ಫುಮಿಯೆ ನೋಡಿದಳು. ತೊರಿಯುಮಿಯ ತಲೆ ಒಂದು ಗಂಟೆಯ ಕಡೆಗೆ ಇತ್ತು. ಬಲಕ್ಕೆ. ಅವಳ ಕಡೆಗೆ. ಒಂದೇ ಗೆರೆಯ ಆಚೀಚೆ ಎರಡು ಕೆಂಪು ವೃತ್ತಗಳು ಒಂದಕ್ಕೊಂದು ತಲೆಬಾಗಿ ನಿಂತಿದ್ದವು. ಮೇಲಿನವನ ಮುದ್ರೆ ಕೆಳಗಿನವರ ಕಡೆ ಬಾಗಿದ ಕಾಗದವನ್ನು ಮೂವತ್ತು ವರ್ಷದಲ್ಲಿ ಅವಳು ನೋಡಿರಲಿಲ್ಲ.

"ಕೈ ಜಾರ್ತು," ಎಂದ ಅವನು, ಕಾಗದದಿಂದ ಕಣ್ಣೆತ್ತದೆ.

"ಐವತ್ತು ಸಲ ಒತ್ತಿಸಿದ್ದೀನಿ. ನಿನ್ ಕೈ ಜಾರಲ್ಲ."

ಅವನು ಏಕವಚನ ಕೇಳಿಸಿಕೊಂಡ. ಕಾಗದವನ್ನು ಕಡತಕ್ಕೆ ಸೇರಿಸಿ ಎದ್ದು ನಿಂತ. ಬಾಗಿಲಲ್ಲಿ ಕ್ಷಣ ತಡೆದು ಸೊಂಟದಿಂದ ಬಗ್ಗಿ ನಮಸ್ಕರಿಸಿ, ಮೆಟ್ಟಿಲುಗಳ ಮೇಲೆ ಓಡಿದ. ಹಿಮ್ಮಡಿ ಸವೆದ ಶೂ ಒಂದೇ ಬದಿಗೆ ತಟ್ಟುವ ಸದ್ದು ಅವಳಿಗೆ ಕೆಳಗಿನ ಮಹಡಿಯವರೆಗೂ ಕೇಳಿಸಿತು. ರಬ್ಬರ್ ಪಟ್ಟಿ ಬೆರಳಿಗೆ ಸುತ್ತಿಕೊಂಡು ಓಡಿದ ಹುಡುಗನ ಕಾಲೇ ಅದು, ಸ್ವಲ್ಪ ಭಾರವಾಗಿದೆ ಅಷ್ಟೆ ಎಂದುಕೊಂಡಳು.

ಕಾಗದ ವಾಪಸ್ ಬರಲಿಲ್ಲ. ಏಪ್ರಿಲ್ ಎರಡನೇ ವಾರ ಅಂಚೆಯಲ್ಲಿ ಬಿಡುಗಡೆ ಪತ್ರ ಬಂತು. ಕಾರಣದ ಜಾಗದಲ್ಲಿ 'ಕಂಪನಿಯ ಕೋರಿಕೆ' ಎಂದಿತ್ತು. ಫುಮಿಯೆ ಅದನ್ನು ಎರಡು ಸಲ ಓದಿ, ಚಹಾ ಕಪಾಟಿನ ಕೆಳಗಿನ ಖಾನೆಯಲ್ಲಿ, ಕುಸುಮೊತೊ ಕೊಟ್ಟಿದ್ದ ಪರೀಕ್ಷಾ ಟೇಪಿನ ಪಕ್ಕದಲ್ಲಿಟ್ಟಳು. ಕೇಳಲು ಯಂತ್ರ ಇರಲಿಲ್ಲ. ಟೇಪು ಸುಮ್ಮನೆ ಇತ್ತು.

ನದಿಯ ದಡದ ಚೆರ್ರಿ ಆ ಹೊತ್ತಿಗೆ ಉದುರಿ ಹೋಗಿತ್ತು. ಅವಳು ಒಂದು ಬೆಳಗ್ಗೆ ಅಲ್ಲಿಗೆ ಹೋಗಿ ಬಂದಳು. ನೀಲಿ ತಾಡಪಾಲು ಹಾಸಿದವರು ಯಾರೂ ಇರಲಿಲ್ಲ. ದಾರಿಯ ಬದಿಯಲ್ಲಿ ಎಸಳುಗಳು ಕಂದು ಬಣ್ಣಕ್ಕೆ ತಿರುಗಿ ಅಂಟಿಕೊಂಡಿದ್ದವು.

ಏಪ್ರಿಲ್ ಕೊನೆಯಲ್ಲಿ, ಒಂದು ಮಂಗಳವಾರ ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಫೋನ್ ಬಂತು. ಕಾರ್ಖಾನೆಯ ಊಟದ ಹೊತ್ತು ಎಂದು ಅವಳಿಗೆ ಗಡಿಯಾರ ನೋಡದೆಯೇ ಗೊತ್ತಾಯಿತು. ಹಿಂದೆ ಲಾರಿ ಹೋಗುವ ಸದ್ದು. ಹಿಂಬಾಗಿಲ ಹತ್ತಿರದ ಸಾರ್ವಜನಿಕ ಫೋನ್.

"ಸೆಂಪಾಯ್," ಎಂದಿತು ದನಿ. ಇಪ್ಪತ್ತು ವರ್ಷದಿಂದ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ.

"ಎಲ್ಲಿಂದ, ತೊರಿಯುಮಿ ಕುನ್?" ಎಂದಳು, ಗೊತ್ತಿದ್ದರೂ.

"ಐದನೇ ಕಟ್ಟಡ. ಮೂರನೇ ಮಹಡಿ. ಇವತ್ತಿಗೆ ಹದಿನಾರನೇ ದಿನ. ನನ್ನ ಉಸಿರು ನನಗೇ ಕೇಳಿಸ್ತಿದೆ. ನೀವು ಅಲ್ಲಿ ಅಷ್ಟು ತಿಂಗಳು ಹೇಗಿದ್ರಿ ಅಂತ ಕೇಳೋಣ ಅಂತ."

ಅವಳಿಗೆ ಅಯ್ಯೋ ಎನ್ನುವುದು, ಕ್ಷಮಿಸು ಎನ್ನುವುದು, ಎರಡೂ ನಾಲಗೆಯ ತುದಿಗೆ ಬಂದವು. ಅವನು ಕೇಳಿದ್ದು ಅದನ್ನಲ್ಲ. ಕೆಲಸ ಗೊತ್ತಿಲ್ಲದ ಹೊಸಬ ಹಿರಿಯರನ್ನು ಕೇಳಿದಂತೆ ಕೇಳಿದ್ದ.

"ನಿನ್ ಮೇಜು ಎಲ್ಲಿದೆ?"

"ಗೋಡೆ ಬದಿ. ಬಾಗಿಲ ಎಡಕ್ಕೆ."

"ಮಧ್ಯದ ಕಾರ್ಪೆಟ್ಟಿನ ಅಂಚು ಎತ್ತಿ ನೋಡು. ಹಳದಿ ಟೇಪಿದೆ."

ಆ ಕಡೆ ಲಾರಿಯ ಸದ್ದು ದೂರವಾಯಿತು. "ಇನ್ನೂ ಇದ್ಯಾ ಅದು?" ಎಂದ. ಅವನ ದನಿಯಲ್ಲಿ ಏನೋ ಸಡಿಲವಾಯಿತು. "ಕುಸುಮೊತೊ ಸಾನ್‌ದು?"

"ಅದೇ. ಕುರ್ಚಿ ಅದರ ಮೇಲೆ ಬರ್ಬೇಕು. ಹತ್ತೂ ಏಳಕ್ಕೆ ಕಣ್ಮುಚ್ಚಿ ಕೂತ್ಕೋ. ರೈಲು ಪಾದಕ್ಕೆ ಬರುತ್ತೆ. ಮೊದಲು ಅದನ್ನ ಹ್ಯಾಗೆ ಕೇಳೋದು ಅಂತ ಕಲ್ತ್ಕೋ. ಉಳಿದದ್ದು ತಾನಾಗೇ ಬರುತ್ತೆ."

"ಸಂಜೆ ಹಾಳೇಲಿ ಏನ್ ಬರೀಲಿ?"

"ಕೇಳಿದ್ದನ್ನ."

ಅವನು ಮೆಲ್ಲಗೆ ನಕ್ಕ. ಇನ್ನೊಂದು ನಾಣ್ಯ ಹಾಕುವ ಸದ್ದು ಕೇಳಿಸಿತು.

"ಸೆಂಪಾಯ್, ಮೇಜು ಇವತ್ತೇ ಎಳೆದುಬಿಡ್ಲಾ?"

"ಬೇಡ," ಎಂದಳು ಫುಮಿಯೆ. "ದಿನಕ್ಕೆ ಒಂದು ಬೆರಳು."